ಬೀದಿಗೆ ಬೇಲಿ ಬಿದ್ದ ಭಾಷೆ, ಬೀದಿಯನ್ನೇ ಹೊತ್ತು ನಡೆದ ಭಾಷೆ: ಹಂಗೇರಿಯನ್ ಮತ್ತು ಸಂತಾಲಿ

ಸ್ಲೊವಾಕಿಯಾ ಮತ್ತು ಉಕ್ರೇನ್ ದೇಶಗಳ ಗಡಿಯಲ್ಲಿ ಸೆಲ್ಮೆಂಟ್ಸ್ ಅಂತ ಒಂದು ಊರಿದೆ. ಈಗ ಅದನ್ನು ಎರಡು ಊರು ಎನ್ನಬೇಕು. ಸ್ಲೊವಾಕಿಯಾದಲ್ಲಿ ಇರುವುದು ದೊಡ್ಡ ಸೆಲ್ಮೆಂಟ್ಸ್, ಉಕ್ರೇನಿನಲ್ಲಿ ಇರುವುದು ಚಿಕ್ಕ ಸೆಲ್ಮೆಂಟ್ಸ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯಾ ಮತ್ತು ಸೋವಿಯತ್ ಒಕ್ಕೂಟದ ನಡುವೆ ಹೊಸ ಗಡಿ ಎಳೆದರು. ಆ ಗೆರೆ ಈ ಊರಿನ ಬೀದಿಗೆ ಅಡ್ಡಲಾಗಿ ಹಾದುಹೋಯಿತು. ಬೇಲಿ ಬಂತು, ಕಾವಲು ಬಂತು. ಬಂಧುಬಳಗ ಅರ್ಧ ಆ ಕಡೆ, ಅರ್ಧ ಈ ಕಡೆ ಉಳಿಯಿತು. ನಾಲ್ಕು ಹೆಜ್ಜೆಯ ದಾರಿಯಾದರೂ ಹೋಗುವ ಹಾಗಿರಲಿಲ್ಲ. 2005ರ ಡಿಸೆಂಬರ್‌ನಲ್ಲಿ, ನಡೆದು ಹೋಗುವವರಿಗೆ ಮತ್ತು ಸೈಕಲ್ಲಿನವರಿಗೆ ಅಂತ ಅಲ್ಲಿ ಒಂದು ಗೇಟು ತೆರೆಯಿತು. ಅಷ್ಟರಲ್ಲಿ ಹತ್ತಿರ ಹತ್ತಿರ ಅರವತ್ತು ವರ್ಷ ಕಳೆದಿತ್ತು.

ಬೇಲಿಯ ಎರಡೂ ಬದಿಯ ಹಳಬರ ಮನೆಮಾತು ಹಂಗೇರಿಯನ್. ಆದರೆ ಎರಡು ಸೆಲ್ಮೆಂಟ್ಸ್‌ಗಳಲ್ಲಿ ಒಂದೂ ಹಂಗೇರಿಯಲ್ಲಿಲ್ಲ.

ಇನ್ನೊಂದು ಬೀದಿ ನೋಡೋಣ. ಇದು ನಮ್ಮ ದೇಶದ್ದು. ಜಾರ್ಖಂಡ್‌ನ ದುಮ್ಕಾ ಕಡೆಯ ಸಂತಾಲರ ಹಳ್ಳಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಊರಿನ ಉದ್ದಕ್ಕೂ ಸಾಗುವ ಒಂದೇ ಬೀದಿ. ಅದಕ್ಕೆ ಅವರು ‘ಕುಲ್ಹಿ’ ಎನ್ನುತ್ತಾರೆ. ಎರಡೂ ಬದಿ ಮಣ್ಣಿನ ಮನೆಗಳು. ಗೋಡೆಗೆ ನುಣ್ಣಗೆ ಸಾರಿಸಿ ಬಣ್ಣದ ಪಟ್ಟೆ ಬಳಿದಿರುತ್ತಾರೆ. ಬೀದಿಯ ಬದಿಯಲ್ಲಿ ‘ಮಾಂಝಿ ಥಾನ್’, ಅಂದರೆ ಊರಿನ ಮೊದಲ ಮುಖ್ಯಸ್ಥನ ನೆನಪಿನ ಕಟ್ಟೆ. ಊರ ಹೊರಗೆ ಸಾಲ ಮರಗಳ ದೇವರ ಕಾಡು, ‘ಜಾಹೇರ್’. ನಮ್ಮ ಮಲೆನಾಡಿನ, ಕೊಡಗಿನ ದೇವರಕಾಡನ್ನು ಬಲ್ಲವರಿಗೆ ಇದೇನೆಂದು ಬಿಡಿಸಿ ಹೇಳಬೇಕಿಲ್ಲ. ಬೀದಿ, ಕಟ್ಟೆ, ದೇವರ ಕಾಡು ಮೂರೂ ಆದರೆ ಊರು ಆದಂತೆ. ಹೊಸ ಜಾಗಕ್ಕೆ ಹೋದ ಸಂತಾಲರು ಅಲ್ಲೂ ಇದೇ ಊರನ್ನು ಕಟ್ಟಿಕೊಂಡರು. ಬಾಂಗ್ಲಾದೇಶದ ರಾಜಶಾಹಿ, ದಿನಾಜ್‌ಪುರ ಕಡೆಯಲ್ಲೂ, ಅಸ್ಸಾಮಿನ ಕೊಕ್ರಝಾರ್ ಕಡೆಯಲ್ಲೂ ಅವರ ಹಳ್ಳಿಗಳಿವೆ.

ಈ ಎರಡು ಭಾಷೆಗಳನ್ನು ಎಲ್ಲೆಲ್ಲಿ ಆಡುತ್ತಾರೆ ಅಂತ ಕೇಳಿದರೆ ಪಟ್ಟಿ ಕೊಡುವುದು ಸುಲಭ. ಹಂಗೇರಿಯನ್: ಹಂಗೇರಿ ಮತ್ತು ಅದರ ಸುತ್ತಲಿನ ಏಳು ದೇಶಗಳು. ಸಂತಾಲಿ: ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್. ಆದರೆ ಸುಮ್ನೆ ದೇಶಗಳ ಹೆಸರು ಎಣಿಸಿದರೆ ಏನೂ ತಿಳಿಯುವುದಿಲ್ಲ. ಎರಡೂ ಭಾಷೆ ಗಡಿ ದಾಟಿವೆ ನಿಜ, ದಾಟಿದ ರೀತಿ ಮಾತ್ರ ಬೇರೆ. ಹಂಗೇರಿಯನ್ನರು ಕೂತಲ್ಲೇ ಕೂತಿದ್ದರು, ಗಡಿ ಅವರ ಮೇಲೆ ಹಾದುಹೋಯಿತು. ಸಂತಾಲರು ತಾವೇ ನಡೆದು ಹೋದರು, ಅಥವಾ ಅವರನ್ನು ಕರೆದೊಯ್ದರು. ಮುಂದಿನದೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟಿದ್ದು.

ಗಡಿ ನಡೆದ ಕಥೆ

ಹಂಗೇರಿಯನ್ನರು ತಮ್ಮನ್ನು ‘ಮಗ್ಯಾರ್’ ಎಂದು ಕರೆದುಕೊಳ್ಳುತ್ತಾರೆ. ಒಂದು ಕಾಲಕ್ಕೆ ಅವರೂ ಅಲೆದವರೇ. ಉರಾಲ್ ಬೆಟ್ಟಗಳ ಕಡೆಯಿಂದ ಶತಮಾನಗಟ್ಟಲೆ ಕುದುರೆಯ ಮೇಲೆ ಪಶ್ಚಿಮಕ್ಕೆ ಸರಿಯುತ್ತ, 895ರ ಸುಮಾರಿಗೆ ಕಾರ್ಪೇಥಿಯನ್ ಬೆಟ್ಟಗಳ ಬಳಸಿನೊಳಗಿನ ಬಯಲಿಗೆ ಬಂದು ನಿಂತರು. ಬಟ್ಟಲಿನಂಥ ಆ ನೆಲದಲ್ಲಿ ಸಾವಿರ ವರ್ಷ ಅವರ ರಾಜ್ಯವಿತ್ತು. ಜೊತೆಗೆ ಸ್ಲೊವಾಕ್, ರೊಮೇನಿಯನ್, ಜರ್ಮನ್, ಸರ್ಬಿಯನ್ ಆಡುವವರೂ ಅಲ್ಲಿದ್ದರು. ಹಾಗಾಗಿ ಒಂದೇ ಪಟ್ಟಣಕ್ಕೆ ಮೂರು ಮೂರು ಹೆಸರು. ಈಗಿನ ರೊಮೇನಿಯಾದ ಕ್ಲೂಜ್ ಹಂಗೇರಿಯನ್ನರಿಗೆ ಕೊಲೊಜ್‌ವಾರ್, ಜರ್ಮನ್ನರಿಗೆ ಕ್ಲೌಸೆನ್‌ಬುರ್ಗ್.

ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ 1920ರ ಜೂನ್ 4ರಂದು ಟ್ರಿಯಾನೋನ್ ಒಪ್ಪಂದಕ್ಕೆ ಸಹಿ ಬಿತ್ತು. ಹಂಗೇರಿ ತನ್ನ ನೆಲದಲ್ಲಿ ಮೂರನೇ ಎರಡು ಭಾಗವನ್ನು ಕಳೆದುಕೊಂಡಿತು. ಆ ನೆಲದಲ್ಲಿ ಬೇರೆ ಭಾಷೆಯವರೂ ಬಹಳ ಇದ್ದರು, ತಮ್ಮದೇ ರಾಜ್ಯ ಬೇಕೆಂಬ ಅವರ ಆಸೆಗೂ ನ್ಯಾಯವಿತ್ತು. ಆದರೆ ಸುಮಾರು 33 ಲಕ್ಷ ಹಂಗೇರಿಯನ್ನರು ಕೂಡ ಒಂದು ಸಹಿಯಿಂದ ಪರದೇಶದ ಪ್ರಜೆಗಳಾದರು. ಮನೆ ಅದೇ, ಹೊಲ ಅದೇ, ಬಾವಿ ಅದೇ. ಕಚೇರಿಯ ಭಾಷೆ ಮಾತ್ರ ಬೇರೆಯಾಯಿತು.

ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತಿರುವ ನೋವು. 1956ರ ನವೆಂಬರ್ 1ರಂದು ಕಾಸರಗೋಡಿನವರು ಯಾರೂ ಮನೆ ಬಿಟ್ಟು ಕದಲಲಿಲ್ಲ. ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ತಾಲೂಕು ಕೇರಳಕ್ಕೆ ಸೇರಿತು, ಅಷ್ಟೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದ ಮನೆಗಳೂ ಇದನ್ನೇ ಹೇಳುತ್ತವೆ. ಆದರೆ ನಮ್ಮಲ್ಲಿ ಸರಿದದ್ದು ರಾಜ್ಯಗಳ ಗಡಿ. ಬಸ್ಸು ಹತ್ತಿದರೆ ಆ ಕಡೆಗೆ ಹೋಗಬಹುದು. ಅಲ್ಲಿ ಸರಿದದ್ದು ದೇಶಗಳ ಗಡಿ.

ಅದೂ ಒಂದೇ ಸಲ ಅಲ್ಲ. ಈಗ ಉಕ್ರೇನಿನಲ್ಲಿರುವ ಉಜ್‌ಹೊರೊದ್ ಪಟ್ಟಣವನ್ನು ತೆಗೆದುಕೊಳ್ಳಿ. ಹಂಗೇರಿಯನ್ನಲ್ಲಿ ಅದು ಉಂಗ್ವಾರ್. 1910ರಲ್ಲಿ ಅಲ್ಲಿ ಹುಟ್ಟಿದ ಮಗು ಆಸ್ಟ್ರಿಯಾ-ಹಂಗೇರಿಯ ಪ್ರಜೆ. ಶಾಲೆ ಮುಗಿಸಿದ್ದು ಚೆಕೊಸ್ಲೊವಾಕಿಯಾದಲ್ಲಿ. 1938ರಲ್ಲಿ ಪಟ್ಟಣ ಮತ್ತೆ ಹಂಗೇರಿಗೆ ಬಂತು. ಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟಕ್ಕೆ ಹೋಯಿತು. 1991ರಲ್ಲಿ ಉಕ್ರೇನ್ ಸ್ವತಂತ್ರವಾಯಿತು. ಎಂಬತ್ತೊಂದು ವರ್ಷ ಬದುಕಿದವರು ಊರು ಬಿಟ್ಟು ಹೋಗದೆಯೇ ಐದು ದೇಶ ಕಂಡರು.

ಈಗಿನ ಲೆಕ್ಕ ಹೀಗಿದೆ. ಪ್ರಪಂಚದಲ್ಲಿ ಹಂಗೇರಿಯನ್ ಆಡುವವರು ಸುಮಾರು 1.3 ಕೋಟಿ. 2022ರ ಜನಗಣತಿಯಲ್ಲಿ ಹಂಗೇರಿಯ ಒಟ್ಟು ಜನಸಂಖ್ಯೆ 96 ಲಕ್ಷ, ಅವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಈ ಭಾಷೆ ಬರುತ್ತದೆ. ರೊಮೇನಿಯಾದಲ್ಲಿ ಹಂಗೇರಿಯನ್ನರು ಸುಮಾರು 10 ಲಕ್ಷ, ಸ್ಲೊವಾಕಿಯಾದಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ, ಸರ್ಬಿಯಾದಲ್ಲಿ 1.8 ಲಕ್ಷ. ಉಕ್ರೇನಿನಲ್ಲಿ 2001ರ ಗಣತಿಯ ಹೊತ್ತಿಗೆ ಒಂದೂವರೆ ಲಕ್ಷ ದಾಟಿತ್ತು. ಆಸ್ಟ್ರಿಯಾ, ಕ್ರೊಯೇಷಿಯಾ, ಸ್ಲೊವೇನಿಯಾಗಳಲ್ಲಿ ಗಡಿಗೆ ಅಂಟಿಕೊಂಡ ಕೆಲವು ಊರುಗಳು, ಅಷ್ಟೇ.

ನಕ್ಷೆಯಲ್ಲಿ ಬಣ್ಣ ತುಂಬಿದರೆ ಹಂಗೇರಿಯ ಸುತ್ತ ಒಂದು ಅಂಚು ಕಾಣುತ್ತದೆ. ಸೀರೆಯ ಅಂಚಿನ ಹಾಗೆ. ಆದರೆ ಈ ಅಂಚಿನಿಂದ ಬಹಳ ದೂರದಲ್ಲಿ, ರೊಮೇನಿಯಾದ ನಡುಭಾಗದಲ್ಲಿ, ಇನ್ನೊಂದು ದೊಡ್ಡ ಬಣ್ಣದ ಕಲೆ ಇದೆ. ಅದೇ ಸೇಕೆಯ್ ನಾಡು. ಹರ್ಗಿತಾ ಜಿಲ್ಲೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನರ ಮಾತು ಹಂಗೇರಿಯನ್, ಪಕ್ಕದ ಕೊವಾಸ್ನಾದಲ್ಲೂ ಅವರದೇ ಬಹುಮತ. ದೇಶದ ಗಡಿಯಿಂದ ಇಷ್ಟು ದೂರ ಯಾಕೆ? ಮಧ್ಯಯುಗದಲ್ಲಿ ಹಂಗೇರಿ ರಾಜ್ಯದ ಗಡಿ ಇದ್ದದ್ದೇ ಅಲ್ಲಿ, ಕಾರ್ಪೇಥಿಯನ್ ಬೆಟ್ಟಗಳ ಮೂಲೆಯಲ್ಲಿ. ಸೇಕೆಯ್ ಜನ ಆ ಗಡಿ ಕಾಯುತ್ತಿದ್ದವರು. ಗಡಿ ಅಲ್ಲಿಂದ ಎದ್ದು ಹೋಗಿ ನೂರು ವರ್ಷವಾಯಿತು. ಕಾಯುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ.

ಜನ ನಡೆದ ಕಥೆ

ಸಂತಾಲರು ತಮ್ಮನ್ನು ‘ಹೊಡ್’ ಎಂದು ಕರೆದುಕೊಳ್ಳುತ್ತಾರೆ. ಹೊಡ್ ಅಂದರೆ ಮನುಷ್ಯ. ಭಾಷೆ ‘ಹೊಡ್ ರೊಡ್’, ಮನುಷ್ಯರ ಮಾತು.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸಂತಾಲಿ ಮಾತಾಡುವವರು ಸುಮಾರು 73.7 ಲಕ್ಷ. ಕರ್ಮಾಲಿ, ಮಾಹಿಲಿಯಂಥ ಹತ್ತಿರದ ನುಡಿಗಳನ್ನೂ ಗಣತಿಯವರು ಇದರಲ್ಲೇ ಸೇರಿಸಿದ್ದಾರೆ. ಡೆನ್ಮಾರ್ಕಿನ ಡೇನಿಷ್‌ಗಿಂತ, ಫಿನ್ಲೆಂಡಿನ ಫಿನ್ನಿಷ್‌ಗಿಂತ ಇದನ್ನು ಆಡುವವರು ಜಾಸ್ತಿ. ಹಾಗಿದ್ದೂ ನಮ್ಮಲ್ಲಿ ಎಷ್ಟೋ ಜನ ಅದನ್ನು ಒಂದು ‘ಬುಡಕಟ್ಟು ನುಡಿ’ ಅಂದು ಮುಂದೆ ಹೋಗಿಬಿಡುತ್ತಾರೆ. ಇದು ನನಗೆ ಬೇಸರ ತರಿಸುವ ವಿಷಯ.

ಈ 73.7 ಲಕ್ಷದಲ್ಲಿ ಜಾರ್ಖಂಡ್‌ನಲ್ಲಿ ಸುಮಾರು 33 ಲಕ್ಷ, ಪಶ್ಚಿಮ ಬಂಗಾಳದಲ್ಲಿ 24 ಲಕ್ಷ, ಒಡಿಶಾದಲ್ಲಿ ಎಂಟೂವರೆ ಲಕ್ಷದ ಮೇಲೆ. ಉಳಿದವರಲ್ಲಿ ಹೆಚ್ಚಿನವರು ಬಿಹಾರ, ಅಸ್ಸಾಮಿನವರು. ಇಲ್ಲೊಂದು ವಿಷಯ ಗಮನಿಸಬೇಕು. ಜಾರ್ಖಂಡ್‌ನಲ್ಲೇ ಸಂತಾಲಿ ಆಡುವವರು ಹತ್ತರಲ್ಲಿ ಒಬ್ಬರು. ಅಂದರೆ ಸಂತಾಲಿ ಬಹುಮತದ ಭಾಷೆಯಾಗಿರುವ ರಾಜ್ಯ ಒಂದೂ ಇಲ್ಲ. ಪ್ರಪಂಚದ ನಾಲ್ಕನೇ ಮೂರು ಭಾಗದಷ್ಟು ಹಂಗೇರಿಯನ್ನರು ಒಂದೇ ದೇಶದಲ್ಲಿದ್ದಾರೆ. ಸಂತಾಲಿಗೆ ಅಂಥ ಗಟ್ಟಿ ನಡು ಇಲ್ಲ.

ಇದು ಹೀಗಾದದ್ದು ಹೇಗೆ? ಒಂದು ಕಾಲಘಟ್ಟವನ್ನು ಹತ್ತಿರದಿಂದ ನೋಡಿದರೆ ಅರ್ಥವಾಗುತ್ತದೆ.

ಗಂಗೆ ದಕ್ಷಿಣಕ್ಕೆ ತಿರುಗುವ ಜಾಗದಲ್ಲಿ ರಾಜಮಹಲ್ ಬೆಟ್ಟಗಳಿವೆ. ಅಲ್ಲಿದ್ದವರು ಪಹಾಡಿಯಾ ಜನ. ಕುಮರಿ ಬೇಸಾಯ ಮಾಡಿಕೊಂಡು ಬದುಕುತ್ತಿದ್ದರು. ಅವರಲ್ಲಿ ಒಂದು ಗುಂಪಿನ ಭಾಷೆ ಮಾಲ್ತೊ. ಕನ್ನಡದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಯಾಕೆಂದರೆ ಮಾಲ್ತೊ ದ್ರಾವಿಡ ಭಾಷೆ, ನಮ್ಮ ಕನ್ನಡದ ದೂರದ ಅಕ್ಕತಂಗಿ. ನಾವು ‘ನೀನು’ ಅನ್ನುವುದಕ್ಕೆ ಅವರು ‘ನೀನ್’ ಅನ್ನುತ್ತಾರೆ. ಗಂಗೆಯ ದಡದ ಬೆಟ್ಟದ ಮೇಲೆ ಈ ಮಾತು ಕಿವಿಗೆ ಬಿದ್ದರೆ ಹೇಗಿರಬಹುದು ಅಲ್ವಾ?

ಈಸ್ಟ್ ಇಂಡಿಯಾ ಕಂಪನಿಗೆ ಕಂದಾಯ ಬೇಕಿತ್ತು. ಕಂದಾಯಕ್ಕೆ ಉಳುವ ಹೊಲ ಬೇಕು. ಪಹಾಡಿಯಾಗಳು ನೇಗಿಲು ಹಿಡಿಯಲು ಒಪ್ಪಲಿಲ್ಲ. ಕಾಡು ಕಡಿದು ಗದ್ದೆ ಮಾಡುವುದರಲ್ಲಿ ಸಂತಾಲರದು ಪಳಗಿದ ಕೈ. 1832ರಲ್ಲಿ ಬೆಟ್ಟದ ಬುಡದ ನೆಲಕ್ಕೆ ಗಡಿಕಂಬ ನೆಟ್ಟು, ಅದಕ್ಕೆ ‘ದಾಮಿನ್-ಇ-ಕೊಹ್’ ಅಂತ ಹೆಸರಿಟ್ಟು, ಸಂತಾಲರನ್ನು ಕರೆತಂದು ನೆಲೆಗೊಳಿಸಿದರು. ಆ ಪರ್ಷಿಯನ್ ಹೆಸರಿನ ಅರ್ಥ ‘ಬೆಟ್ಟದ ಸೆರಗು’. 1838ರಲ್ಲಿ ಅಲ್ಲಿದ್ದ ಸಂತಾಲರ ಹಳ್ಳಿಗಳು 40, ಜನ ಸುಮಾರು 3,000. 1851ಕ್ಕೆ ಹಳ್ಳಿಗಳು 1,473, ಜನ 82,000ಕ್ಕೂ ಹೆಚ್ಚು. ಹದಿಮೂರು ವರ್ಷದಲ್ಲಿ ಒಂದು ಭಾಷೆಯ ನಕ್ಷೆಯೇ ಬದಲಾಯಿತು. ಇವತ್ತು ಸಂತಾಲರ ತವರು ಅಂತ ನಾವು ಕರೆಯುವ ಸಂತಾಲ ಪರಗಣ, ಅವರು ಬಂದು ಸೇರಿದ ನೆಲ.

ನೆಲ ಹಸನಾದ ಮೇಲೆ ಸಾಲ ಕೊಡುವವರು ಬಂದರು, ಜಮೀನ್ದಾರರು ಬಂದರು. ಸಂತಾಲಿಯಲ್ಲಿ ಇಂಥ ಹೊರಗಿನವರಿಗೆ ಒಂದೇ ಪದ, ‘ದಿಕು’. 1855ರ ಜೂನ್ 30ರಂದು ಭೋಗ್ನಾಡಿಹ್ ಹಳ್ಳಿಯಲ್ಲಿ ಸಿದು ಮತ್ತು ಕಾನ್ಹು ಮುರ್ಮು ಸೋದರರ ಮುಂದೆ ಸಾವಿರಾರು ಸಂತಾಲರು ಸೇರಿದರು. ‘ಹುಲ್’ ಶುರುವಾಯಿತು. ಹುಲ್ ಅಂದರೆ ದಂಗೆ. ಬಿಲ್ಲುಬಾಣಕ್ಕೆ ಕಂಪನಿ ಬಂದೂಕಿನಿಂದ ಉತ್ತರಿಸಿತು. ಸಾವಿರಾರು ಜನ ಸತ್ತರು. ಬಳಿಕ ಸಂತಾಲ ಪರಗಣ ಎಂಬ ಬೇರೆ ಜಿಲ್ಲೆಯಾಯಿತು. ಭಾಷಿಕರ ಹೆಸರನ್ನೇ ಹೊತ್ತ ನೆಲ ಸಿಕ್ಕಿದ್ದು ಅಷ್ಟು ರಕ್ತ ಹರಿದ ಮೇಲೆ.

ಹುಲ್ ಆದ ಮೇಲೂ ನಡಿಗೆ ನಿಲ್ಲಲಿಲ್ಲ. ಕೂಲಿಗೆಂದು ಅಸ್ಸಾಮಿನ ಚಹಾ ತೋಟಗಳಿಗೆ ಹೋದರು. ಉತ್ತರ ಬಂಗಾಳದ ಬರೇಂದ್ರ ಬಯಲಿಗೆ ಕಾಡು ಕಡಿಯಲು ಹೋದರು. ನೇಪಾಳದ ಝಾಪಾ, ಮೊರಂಗ್ ಕಡೆಗೂ ಹೋದರು. ಅಲ್ಲಿ ಅವರನ್ನು ‘ಸತಾರ್’ ಎನ್ನುತ್ತಾರೆ. ಆಮೇಲೆ 1947ರಲ್ಲಿ ಬಂಗಾಳ ಎರಡಾಯಿತು. ಬರೇಂದ್ರಕ್ಕೆ ಹೋದವರು ಪಾಕಿಸ್ತಾನದಲ್ಲಿ, 1971ರ ನಂತರ ಬಾಂಗ್ಲಾದೇಶದಲ್ಲಿ ಉಳಿದರು. ನಡೆದವರ ಹಿಂದೆ ಗಡಿಯೂ ಬಂದ ಹಾಗಾಯಿತು.

ಒಂದೇ ಮಾತು, ಹಲವು ಲಿಪಿ

ಹಂಗೇರಿಯನ್ ಬರೆಯುವುದು ರೋಮನ್ ಲಿಪಿಯಲ್ಲಿ, 44 ಅಕ್ಷರಗಳ ವರ್ಣಮಾಲೆಯಲ್ಲಿ. ಬುಡಾಪೆಸ್ಟ್‌ನಲ್ಲಿ ಅಚ್ಚಾದ ಪುಸ್ತಕವನ್ನು ಹರ್ಗಿತಾದ ಅಜ್ಜಿಯೂ ಓದುತ್ತಾರೆ, ಸೆಲ್ಮೆಂಟ್ಸ್‌ನ ಮಗುವೂ ಓದುತ್ತದೆ. ಬೇಲಿ ಬಿದ್ದದ್ದು ಬೀದಿಗೆ, ಪುಟಕ್ಕೆ ಬೀಳಲಿಲ್ಲ.

ಸಂತಾಲಿಯ ಪಾಡು ಬೇರೆ. ಬಂಗಾಳದಲ್ಲಿ ಬಂಗಾಳಿ ಲಿಪಿ, ಒಡಿಶಾದಲ್ಲಿ ಒಡಿಯಾ, ಜಾರ್ಖಂಡ್ ಮತ್ತು ಬಿಹಾರದಲ್ಲಿ ದೇವನಾಗರಿ, ಕ್ರೈಸ್ತ ಮಿಷನ್ನುಗಳು ಬೆಳೆಸಿದ ರೋಮನ್. ನಮ್ಮ ಕರಾವಳಿಯಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದರೆ ಗೋವಾದಲ್ಲಿ ದೇವನಾಗರಿ, ರೋಮನ್ ಎರಡೂ ನಡೆಯುತ್ತವೆ. ಮಂಗಳೂರಿನವರು ಗೋವಾದವರ ಜೊತೆ ಹರಟುತ್ತಾರೆ, ಅವರ ಪತ್ರಿಕೆ ಓದಬೇಕೆಂದರೆ ತಡವರಿಸುತ್ತಾರೆ. ಹೆಚ್ಚುಕಡಿಮೆ ಅದೇ ಪಾಡು.

ಇದಕ್ಕೆ ಒಬ್ಬ ಮನುಷ್ಯ ತನ್ನ ಬದುಕನ್ನೇ ಕೊಟ್ಟ. ಒಡಿಶಾದ ಮಯೂರ್‌ಭಂಜ್‌ನಲ್ಲಿ 1905ರಲ್ಲಿ ಹುಟ್ಟಿದ ಪಂಡಿತ ರಘುನಾಥ ಮುರ್ಮು, 1925ರಲ್ಲಿ ಓಲ್ ಚಿಕಿ ಎಂಬ ಲಿಪಿ ಮಾಡಿದರು. ಆಗ ಅವರಿಗೆ ಇಪ್ಪತ್ತು ವರ್ಷ. ಲಿಪಿಯಲ್ಲಿ 30 ಅಕ್ಷರ. ಕೆಲವು ಅಕ್ಷರಗಳ ಆಕಾರ ಬಂದದ್ದು ಸುತ್ತಲಿನ ಬದುಕಿನಿಂದ, ಒಂದರಲ್ಲಿ ನೇಗಿಲು ಕಾಣುತ್ತದೆ. ನಮ್ಮ ಹಾಗೆ ಕಾಗುಣಿತ ಇಲ್ಲ, ಒತ್ತಕ್ಷರ ಇಲ್ಲ. ಸ್ವರಕ್ಕೂ ಬೇರೆ ಅಕ್ಷರ, ವ್ಯಂಜನಕ್ಕೂ ಬೇರೆ ಅಕ್ಷರ, ಸಾಲಾಗಿ ಬರೆದುಕೊಂಡು ಹೋದರೆ ಆಯಿತು. ಸಂತಾಲಿಯಲ್ಲಿ ಪದದ ಕೊನೆಯ ಕ್, ತ್, ಪ್‌ಗಳನ್ನು ಗಂಟಲಲ್ಲೇ ತಡೆದು ನಿಲ್ಲಿಸುತ್ತಾರೆ. ಬಾಯಿಂದ ಉಸಿರು ಹೊರಗೆ ಬರುವುದಿಲ್ಲ. ಬಂಗಾಳಿ, ಒಡಿಯಾ ಲಿಪಿಗಳಲ್ಲಿ ಈ ಉಲಿಗಳಿಗೆ ಜಾಗವೇ ಇರಲಿಲ್ಲ. ಓಲ್ ಚಿಕಿಯಲ್ಲಿ ಇದೆ.

2003ರಲ್ಲಿ ಸಂವಿಧಾನದ 92ನೇ ತಿದ್ದುಪಡಿಯಿಂದ ಬೋಡೊ, ಡೋಗ್ರಿ, ಮೈಥಿಲಿ ಜೊತೆ ಸಂತಾಲಿಯೂ ಎಂಟನೇ ಪರಿಚ್ಛೇದಕ್ಕೆ ಸೇರಿತು. ತುಳುವಿಗಾಗಿ ಇನ್ನೂ ಕಾಯುತ್ತಿರುವ ನಮಗೆ ಆ ದಿನದ ಬೆಲೆ ಏನೆಂದು ಗೊತ್ತು. ಭಾರತದಲ್ಲಿ ಇಷ್ಟಾದರೂ ಆಯಿತು. ಬಾಂಗ್ಲಾದೇಶದಲ್ಲಿ 2017ರಲ್ಲಿ ಚಕ್ಮಾ, ಮಾರ್ಮಾ, ಗಾರೊ, ತ್ರಿಪುರಾ, ಸಾದ್ರಿ ಭಾಷೆಗಳ ಮಕ್ಕಳಿಗೆ ತಾಯ್ನುಡಿಯ ಪಠ್ಯಪುಸ್ತಕ ಬಂತು. ಸಂತಾಲಿಯ ಪುಸ್ತಕ ಬರಲಿಲ್ಲ. ಬಂಗಾಳಿ ಲಿಪಿಯೋ ರೋಮನ್ ಲಿಪಿಯೋ ಎಂಬ ಜಗಳ ಬಗೆಹರಿದಿರಲಿಲ್ಲ.

ಸ್ವಂತ ದೇಶ ಇರುವುದರ ಬಲ ಕಾಣುವುದು ಇಲ್ಲೇ. 2004ರಲ್ಲಿ ಹಂಗೇರಿ ಐರೋಪ್ಯ ಒಕ್ಕೂಟಕ್ಕೆ ಸೇರಿದಾಗ ಅದರ ಭಾಷೆಯೂ ಒಕ್ಕೂಟದ ಅಧಿಕೃತ ಭಾಷೆಯಾಯಿತು. ಅದೇ ವರ್ಷ ಸ್ಲೊವಾಕಿಯಾದ ಕೊಮಾರ್ನೊದಲ್ಲಿ ಹಂಗೇರಿಯನ್ ಮಾಧ್ಯಮದ ವಿಶ್ವವಿದ್ಯಾಲಯ ಶುರುವಾಯಿತು. 2011ರಿಂದ ನೆರೆದೇಶಗಳ ಹಂಗೇರಿಯನ್ನರು ಇದ್ದಲ್ಲೇ ಇದ್ದು ಹಂಗೇರಿಯ ಪೌರತ್ವ ಪಡೆಯಬಹುದು. ಇದರಿಂದ ನೆರೆದೇಶಗಳ ಜೊತೆ ತಿಕ್ಕಾಟವೂ ಆಗಿದೆ. ರಾಜಶಾಹಿಯ ಸಂತಾಲನ ಬೆನ್ನಿಗೆ ಹೀಗೆ ನಿಲ್ಲುವ ದೇಶ ಯಾವುದೂ ಇಲ್ಲ.

ಎರಡಕ್ಕೂ ನಂಟಿದೆಯೇ?

ಇಲ್ಲ. ಆದರೆ ಇದೆ ಅಂತ ಒಬ್ಬರು ಗಟ್ಟಿಯಾಗಿ ನಂಬಿದ್ದರು. 1920-30ರ ದಶಕದಲ್ಲಿ ಹಂಗೇರಿಯ ವಿಲ್ಮೊಶ್ ಹೆವೇಶಿ, ಸಂತಾಲಿ ಸೇರಿರುವ ಮುಂಡಾ ಭಾಷೆಗಳಿಗೂ ಹಂಗೇರಿಯನ್ನಿಗೂ ರಕ್ತಸಂಬಂಧ ಇದೆ ಎಂದು ಬರೆದರು. ಇವರು ನೊಬೆಲ್ ಪಡೆದ ರಸಾಯನ ವಿಜ್ಞಾನಿ ಗಿಯೊರ್ಗಿ ಹೆವೇಶಿಯವರ ಅಣ್ಣತಮ್ಮಂದಿರಲ್ಲಿ ಒಬ್ಬರು. ಭಾಷಾವಿಜ್ಞಾನಿಗಳು ಈ ವಾದವನ್ನು ಒಪ್ಪಲಿಲ್ಲ.

ಇಂಥ ವಾದ ಮೇಲ್ನೋಟಕ್ಕೆ ನಂಬುವಂತೆ ಕಾಣುವುದು ಯಾಕೆಂದು ಒಂದು ಪದ ಹಿಡಿದು ನೋಡಬಹುದು. ಹಂಗೇರಿಯನ್ನಲ್ಲಿ ಮನೆ ‘ಹಾಜ್’, ಮನೆಯಲ್ಲಿ ‘ಹಾಜ್‌ಬನ್’. ಸಂತಾಲಿಯಲ್ಲಿ ಮನೆ ‘ಒಡಾಕ್’, ಮನೆಯಲ್ಲಿ ‘ಒಡಾಕ್‌ರೆ’. ಕನ್ನಡದಲ್ಲಿ ‘ಮನೆ’, ‘ಮನೆಯಲ್ಲಿ’. ಮೂರರಲ್ಲೂ ಪ್ರತ್ಯಯ ಬಾಲದ ಹಾಗೆ ಹಿಂದೆ ಬರುತ್ತದೆ. ಇದೇ ನೆಂಟಸ್ತಿಕೆಗೆ ಸಾಕ್ಷಿ ಎನ್ನುವುದಾದರೆ ಕನ್ನಡವನ್ನೂ ಆ ಮನೆತನಕ್ಕೆ ಸೇರಿಸಬೇಕಾಗುತ್ತದೆ. ಕಟ್ಟುವ ರೀತಿ ಒಂದೇ ಥರ ಇದ್ದ ಮಾತ್ರಕ್ಕೆ ಭಾಷೆಗಳು ನೆಂಟರಾಗುವುದಿಲ್ಲ.

ನೆಂಟಸ್ತಿಕೆ ತಿಳಿಯಲು ಬಳಕೆಯ ಹಳೆಯ ಪದಗಳನ್ನು ನೋಡಬೇಕು. ಸಂತಾಲಿಯಲ್ಲಿ ಮೂರು ‘ಪೆ’, ನಾಲ್ಕು ‘ಪೊನ್’. ವಿಯೆಟ್ನಾಮಿನ ಭಾಷೆಯಲ್ಲಿ ‘ಬಾ’, ‘ಬೊನ್’. ಕಾಂಬೋಡಿಯಾದ ಖ್ಮೇರ್‌ನಲ್ಲಿ ‘ಬೈ’, ‘ಬುವನ್’. ಸಂತಾಲಿಯ ಬಳಗ ಇರುವುದು ಆ ಕಡೆ, ಮೇಘಾಲಯದ ಖಾಸಿಯನ್ನೂ ಸೇರಿಸಿಕೊಂಡು. ಹಂಗೇರಿಯನ್ನಲ್ಲಿ ಮೀನು ‘ಹಲ್’, ರಕ್ತ ‘ವೇರ್’. ಫಿನ್ನಿಷ್‌ನಲ್ಲಿ ‘ಕಲ’, ‘ವೆರಿ’. ಅದರ ಇನ್ನೂ ಹತ್ತಿರದ ನೆಂಟರು ಸೈಬೀರಿಯಾದ ಖಾಂತಿ, ಮಾನ್ಸಿ ಭಾಷೆಗಳು. ಅವನ್ನು ಆಡುವವರು ಈಗ ಕೆಲವೇ ಸಾವಿರ ಜನ.

ಹಾಗಾಗಿ ಒಂದು ಹೋಲಿಕೆ ನಿಜ. ಎರಡೂ ಭಾಷೆ ತಮ್ಮ ಬಳಗದಿಂದ ದೂರ, ಬೇರೆ ಮನೆತನದ ಭಾಷೆಗಳ ನಡುವೆ ಬದುಕುತ್ತಿವೆ. ಸಂತಾಲಿಗೆ ಪಕ್ಕದಲ್ಲಿ ಹೋ, ಮುಂಡಾರಿಯಂಥ ಒಡಹುಟ್ಟುಗಳಾದರೂ ಇವೆ. ಹಂಗೇರಿಯನ್ನಿಗೆ ಅಕ್ಕಪಕ್ಕ ಯಾರೂ ಇಲ್ಲ.

ಸಂತಾಲಿಯ ಇನ್ನೊಂದು ಚೆಲುವನ್ನು ಹೇಳದೆ ಇರಲಾರೆ. ಅದರಲ್ಲಿ ‘ನಾವು’ ನಾಲ್ಕು ಬಗೆ. ನಾನು ಮತ್ತು ನೀನು ಇಬ್ಬರೇ ಆದರೆ ‘ಆಲಾಂಗ್’. ನಿನ್ನನ್ನು ಬಿಟ್ಟು ನಾವಿಬ್ಬರು ಆದರೆ ‘ಆಲಿಞ್’. ನಿನ್ನನ್ನೂ ಸೇರಿಸಿ ನಾವೆಲ್ಲ ಅಂದರೆ ‘ಆಬೊ’. ನಿನ್ನನ್ನು ಬಿಟ್ಟು ನಾವೆಲ್ಲ ಅಂದರೆ ‘ಆಲೆ’. ತುಳುವಿನಲ್ಲೂ ‘ನಮ’ ಬೇರೆ, ‘ಎಂಕುಳು’ ಬೇರೆ. ಕನ್ನಡದಲ್ಲಿ ಈ ಭೇದ ಉಳಿದಿಲ್ಲ. ದುಮ್ಕಾದ ಹುಡುಗಿ ರಾಜಶಾಹಿಯ ಹುಡುಗಿಯ ಎದುರು ಕೂತು ತಮ್ಮ ಭಾಷೆಯ ಬಗ್ಗೆ ‘ನಮ್ಮದು’ ಅನ್ನಬೇಕಾದರೆ ಈ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು.

ಓಲ್ ಚಿಕಿ 2008ರಲ್ಲಿ ಯೂನಿಕೋಡ್‌ಗೆ ಸೇರಿತು, 2018ರಲ್ಲಿ ಆ ಲಿಪಿಯಲ್ಲಿ ಸಂತಾಲಿ ವಿಕಿಪೀಡಿಯ ಶುರುವಾಯಿತು. ಈಗ ಮಯೂರ್‌ಭಂಜ್‌ನಲ್ಲಿ ಕೂತು ಬರೆದ ಪುಟವನ್ನು ಝಾರ್‌ಗ್ರಾಮ್‌ನಲ್ಲೂ ದುಮ್ಕಾದಲ್ಲೂ ರಾಜಶಾಹಿಯಲ್ಲೂ ಮೊಬೈಲಿನಲ್ಲಿ ತೆರೆಯಬಹುದು. ಓದುವವರಿಗೆ ಆ ಮೂವತ್ತು ಅಕ್ಷರ ಬರಬೇಕು.